ಬೇಲೂರು ಹಳೇಬೀಡು ಎರಡು ದಿನ ನಿಧಾನವಾಗಿ ನೋಡ್ಬೇಕು, ಅಮ್ಮಂಗೆ ಮಂಡಿ ನೋವು, ಹೇಗೆ ಪ್ಲಾನ್ ಮಾಡ್ಲಿ?

ಗುಬ್ಬಿಗೂಡು

ಎಲ್ರಿಗೂ ನಮಸ್ಕಾರ. ನಾವಿರೋದು ಬೆಂಗಳೂರಲ್ಲಿ. ಬರೋ ತಿಂಗಳು ಒಂದು ಶನಿವಾರ ಭಾನುವಾರ ಬಿಡುವು ಸಿಕ್ತಿದೆ, ನಾನು, ಅಮ್ಮ, ನನ್ನ ಮಗಳು ಮೂರೇ ಜನ ಕಾರಲ್ಲಿ ಹೋಗಿ ಹೊಯ್ಸಳರ ದೇವಸ್ಥಾನ ನೋಡ್ಕೊಂಡು ಬರೋಣ ಅಂತ. ಅಮ್ಮಂಗೆ 66, ತುಮಕೂರು ಕಡೆ ಹಳ್ಳಿಯವರು, ಕೈದಾಳ ಅವರೂರಿಗೆ ಹತ್ರ, ಹಾಗಾಗಿ ಬೇಲೂರು ಗುಡಿ ಕೆತ್ತಿದ ಅಂತಾರಲ್ಲ, ಆ ಶಿಲ್ಪಿ ಜಕಣಾಚಾರಿ ಕಥೆ ಕೇಳ್ಕೊಂಡೇ ಬೆಳೆದೋರು, ಆದ್ರೆ ಬೇಲೂರನ್ನ ಒಂದ್ಸಲಾನೂ ನೋಡಿಲ್ಲ. ಮನೆ, ಹೊಲ, ಮಕ್ಕಳು ಅಂತಾನೇ ಆಗೋಯ್ತು. ಈಗ ಕರ್ಕೊಂಡು ಹೋಗೋಣ ಅಂದ್ರೆ ಮಂಡಿ ನೋವು, ಮೆಟ್ಟಿಲು ಹತ್ತೋಕೆ ಒಬ್ರು ಕೈ ಹಿಡ್ಕೊಬೇಕು.

ನಾನು ಹೈಸ್ಕೂಲ್ ಟೂರಲ್ಲಿ ಒಂದ್ಸಲ ಹೋಗಿದ್ದೆ. ಬೆಳಿಗ್ಗೆ ಶ್ರವಣಬೆಳಗೊಳ, ಮಧ್ಯಾಹ್ನ ಹಳೇಬೀಡು, ಸಂಜೆ ಬೇಲೂರು, ರಾತ್ರಿ ಹೊತ್ತಿಗೆ ಘಾಟಿ ಇಳಿದು ಧರ್ಮಸ್ಥಳ. ನೆನಪಲ್ಲಿ ಉಳಿದಿರೋದು ಕಾದ ಕಲ್ಲಿನ ಮೇಲೆ ಕಾಲು ಸುಟ್ಟಿದ್ದು, "ನಡೀರಿ ನಡೀರಿ" ಅಂತ ಹಿಂದಿಂದ ತಳ್ತಿದ್ದಿದ್ದು, ಇವೆರಡೇ. ಗೋಡೆ ಮೇಲೆ ಏನಿತ್ತು ಅಂತ ಈಗ ಕೇಳಿದ್ರೆ ಹೇಳೋಕೆ ಬರಲ್ಲ. ಮಗಳಿಗೂ ಹಂಗೇ ಆಗೋದು ಬೇಡ. ಅವಳಿಗೆ 10 ವರ್ಷ, ಏನನ್ನಾದ್ರೂ ನೋಡಿದ್ರೆ "ಇದ್ಯಾಕೆ ಹೀಗೆ" ಅಂತ ಕೇಳೋ ವಯಸ್ಸು.

ಯಾವುದು ಮೊದಲು ನೋಡ್ಬೇಕು, ಎಷ್ಟು ಹೊತ್ತು ಬೇಕು, ಯಾವುದನ್ನ ಬಿಟ್ರೂ ಪರವಾಗಿಲ್ಲ, ಆಮೇಲೆ ಮುಖ್ಯವಾಗಿ ಅಲ್ಲಿ ನಿಂತಾಗ ಏನನ್ನ ನೋಡ್ಬೇಕು, ತಿಳಿದೋರು ದಯವಿಟ್ಟು ಹೇಳಿ.

ಹಾಸನದವ್ನು

ಮೇಡಂ, ಮೊದಲನೇ ಮಾತು, ಹಾಸನದಲ್ಲೇ ರೂಮ್ ಮಾಡ್ಕೊಳಿ. ಬೆಂಗಳೂರಿಂದ ಹಾಸನಕ್ಕೆ 185 ಕಿಲೋಮೀಟರ್ ಹತ್ರ ಆಗತ್ತೆ, ಬೆಳಿಗ್ಗೆ ಆರಕ್ಕೆ ಬಿಟ್ರೂ ಅಮ್ಮನ್ನ ಅಲ್ಲಲ್ಲಿ ಇಳಿಸಿ ಕಾಫಿ ಕುಡಿಸ್ಕೊಂಡು ಬರೋಷ್ಟೊತ್ತಿಗೆ ಹತ್ತೂವರೆ ಹನ್ನೊಂದು. ಆ ಬಿಸಿಲಲ್ಲಿ ನೇರ ಬೇಲೂರಿಗೆ ಹೋಗ್ಬೇಡಿ. ಹಾಸನದಲ್ಲಿ ಬ್ಯಾಗ್ ಇಟ್ಟು ಊಟ ಮಾಡಿ ಅಮ್ಮ ಒಂದು ಗಂಟೆ ಕಾಲು ಚಾಚಿ ಮಲಗ್ಲಿ, ಮೂರು ಗಂಟೆ ಮೇಲೆ ಹಳೇಬೀಡಿಗೆ ಹೊರಡಿ, ಮೂವತ್ತು ಚಿಲ್ಲರೆ ಕಿಲೋಮೀಟರ್ ಅಷ್ಟೇ.

ಹಳೇಬೀಡಿಗೆ ಸಂಜೆ ಅಂತ ಯಾಕೆ ಹೇಳ್ತಿದೀನಿ ಅಂದ್ರೆ ಹೊಯ್ಸಳೇಶ್ವರ ಪೂರ್ವಕ್ಕೆ ಮುಖ ಮಾಡಿರೋ ಗುಡಿ, ಅದರ ನಿಜವಾದ ಸಂಪತ್ತು ಇರೋದು ಹಿಂದ್ಗಡೆ ಅಂದ್ರೆ ಪಶ್ಚಿಮದ ಗೋಡೆ ಮೇಲೆ. ಮಧ್ಯಾಹ್ನದ ಮೇಲೆ ಸೂರ್ಯ ಆ ಕಡೆ ಇಳಿದಾಗ ಬೆಳಕು ಓರೆಯಾಗಿ ಬೀಳತ್ತೆ, ಆಗ ಒಂದೊಂದು ವಿಗ್ರಹದ ಸರ, ಬಳೆ, ಬೆರಳು ಎಲ್ಲಾ ನೆರಳಿನ ಸಮೇತ ಎದ್ದು ಬರತ್ತೆ. ಬೆಳಿಗ್ಗೆ ಹೋದೋರಿಗೆ ಅದೇ ಗೋಡೆ ಕಪ್ಪಗೆ ಚಪ್ಪಟೆಯಾಗಿ ಕಾಣತ್ತೆ, ನಾನು ಎಷ್ಟೋ ಸಲ ನೋಡಿದೀನಿ ಟೂರಿಸ್ಟ್ ಬಸ್ಸಿನವರು ಹಿಂದ್ಗಡೆ ಹೋಗದೇ ವಾಪಸ್ ಬರ್ತಾರೆ, ಹೊಟ್ಟೆ ಉರಿಯತ್ತೆ.

ಅಮ್ಮಂಗೆ ಜಗತಿ, ಅಂದ್ರೆ ಗುಡಿ ಕೂತಿರೋ ಎತ್ತರದ ಕಟ್ಟೆ, ಹತ್ತೋದು ಕಷ್ಟ ಆದ್ರೆ ಒಂದೇ ಸಲ ನಿಧಾನಕ್ಕೆ ಹತ್ತಿಸಿ, ಸುತ್ತು ಪೂರ್ತಿ ಮೇಲೇನೇ ಹಾಕ್ಬೋದು, ಮತ್ತೆ ಮತ್ತೆ ಇಳಿಯೋದು ಬೇಡ. ದಪ್ಪ ಕಾಟನ್ ಸಾಕ್ಸ್ ತಗೊಂಡು ಬನ್ನಿ ಮೂವರಿಗೂ, ಚಪ್ಪಲಿ ಹೊರಗೆ ಬಿಡ್ಬೇಕು, ಸಂಜೆಯಾದ್ರೂ ಕಲ್ಲು ಬೇಗ ತಣ್ಣಗಾಗಲ್ಲ. ಹಳೇಬೀಡಿಗೆ ಎರಡು ಗಂಟೆ ಬೇಕೇ ಬೇಕು.

ಭಾನುವಾರ ಬೆಳಿಗ್ಗೆ ತಿಂಡಿಗೆ ಮುಂಚೆ ಬೇಲೂರು. ಅಲ್ಲಿ ದಿನಾ ಪೂಜೆ ನಡೆಯತ್ತೆ, ಮಧ್ಯಾಹ್ನ ಗರ್ಭಗುಡಿ ಬಾಗಿಲು ಹಾಕ್ತಾರೆ, ಅಮ್ಮಂಗೆ ಚೆನ್ನಕೇಶವನ ದರ್ಶನ ಆಗ್ಬೇಕಲ್ವಾ, ಬೇಗ ಹೋಗಿ. ಎರಡೂರಿಗೂ ಮಧ್ಯ 16 ಕಿಲೋಮೀಟರೇ ಇರೋದು, ಅದಕ್ಕೇ ಜನ ಒಂದೇ ಅರ್ಧ ದಿನದಲ್ಲಿ ಎರಡೂ ಮುಗಿಸ್ತಾರೆ. ನೀವು ಹಾಗೆ ಮಾಡ್ಬೇಡಿ.

ಬಳಪದಕಲ್ಲು

ಮೇಲಿನವರು ಹೇಳಿದ ಸಮಯದ ಲೆಕ್ಕ ನೂರಕ್ಕೆ ನೂರು ಸರಿ. ಏನನ್ನ ನೋಡ್ಬೇಕು ಅಂತ ಕೇಳಿದೀರಲ್ಲ ಅದಕ್ಕೆ ನಾನು ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ, ಮೇಷ್ಟ್ರಾಗಿದ್ದವನು.

ಮೊದಲು ಕಲ್ಲು. ಬಾದಾಮಿಯಲ್ಲಿ ಮರಳುಗಲ್ಲು, ಹಂಪಿಯಲ್ಲಿ ಕಣಶಿಲೆ ಅಂದ್ರೆ ಗ್ರಾನೈಟ್, ಇಲ್ಲಿರೋದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರತ್ತೆ, ಗಾಳಿ ಬಿಸಿಲಿಗೆ ಇಟ್ಟಷ್ಟೂ ಗಟ್ಟಿಯಾಗ್ತಾ ಹೋಗತ್ತೆ. ಹಿಂದೆ ಸ್ಲೇಟಿನ ಮೇಲೆ ಬರೀತಿದ್ದ ಬಳಪದ ಜಾತೀನೇ ಅದು, ಮಗಳಿಗೆ ಹಾಗೆ ಹೇಳಿದ್ರೆ ಥಟ್ ಅಂತ ಅರ್ಥ ಆಗತ್ತೆ. ಹಂಪಿಯ ಶಿಲ್ಪಿ ಗಟ್ಟಿ ಕಲ್ಲಿನ ಜೊತೆ ಗುದ್ದಾಡಿದ, ಹೊಯ್ಸಳರ ಶಿಲ್ಪಿಗೆ ಕಲ್ಲೇ ದಾರಿ ಬಿಟ್ಟುಕೊಡ್ತು, ಅದಕ್ಕೇ ಅಕ್ಕಸಾಲಿಗನ ಕೆಲಸದ ಥರ ಸರದ ಒಂದೊಂದು ಮಣಿ ಬಿಡಿ ಬಿಡಿಯಾಗಿ ಕಾಣೋದು.

ಹಳೇಬೀಡಲ್ಲಿ ಗೋಡೆ ಹತ್ರ ಹೋದ ತಕ್ಷಣ ಮೇಲೆ ನೋಡ್ಬೇಡಿ. ಕೆಳಗಿಂದ ಶುರು ಮಾಡಿ. ತಳದಲ್ಲಿ ಆನೆ ಸಾಲು, ಅದರ ಮೇಲೆ ಸಿಂಹ, ಮೇಲೆ ಬಳ್ಳಿ ಸುರುಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಅದರ ಮೇಲೆ ರಾಮಾಯಣ ಮಹಾಭಾರತ ಭಾಗವತದ ಕಥೆ, ಆಮೇಲೆ ಮಕರ, ಎಲ್ಲಕ್ಕಿಂತ ಮೇಲೆ ಹಂಸ. ಮಗಳಿಗೆ ಆನೆ ಸಾಲು ಒಪ್ಪಿಸಿಬಿಡಿ, ಒಂದರ ಥರ ಇನ್ನೊಂದಿಲ್ಲ, ಒಂದು ಸೊಂಡಿಲು ಎತ್ತಿರತ್ತೆ, ಒಂದು ಮುಂದಿನ ಆನೆ ಬಾಲ ಎಳೀತಿರತ್ತೆ. ಅವಳು ಹುಡುಕ್ತಾ ಹುಡುಕ್ತಾ ಇಡೀ ಗುಡಿ ಸುತ್ತಿಬಿಡ್ತಾಳೆ. ಮಕರನ್ನ ತೋರಿಸಿ, ಮೊಸಳೆ ಬಾಯಿ, ಆನೆ ಸೊಂಡಿಲು, ಸಿಂಹದ ಕಾಲು, ಹಂದಿ ಮೈ, ನವಿಲಿನ ಬಾಲ, ಇಷ್ಟೂ ಒಂದೇ ಪ್ರಾಣಿಯಲ್ಲಿ. ಕಥೆ ಪಟ್ಟಿಯಲ್ಲಿ ಚಕ್ರವ್ಯೂಹ ಇದೆ, ಸುರುಳಿ ಸುರುಳಿಯಾಗಿ ಸೈನ್ಯ ಕೆತ್ತಿದಾರೆ, ಅದನ್ನ ಬಿಡ್ಬೇಡಿ. ದೊಡ್ಡ ವಿಗ್ರಹಗಳಲ್ಲಿ ರಾವಣ ಕೈಲಾಸ ಎತ್ತೋದು, ಗಜಾಸುರನ ಚರ್ಮ ಹೊದ್ದು ಕುಣಿಯೋ ಶಿವ. ಇವೆರಡರ ಮುಂದೆ ಅಮ್ಮಂಗೆ ಒಂದು ಕಡೆ ಕೂತ್ಕೊಳೋಕೆ ಹೇಳಿ, ಕಥೆ ಅವರೇ ಹೇಳ್ತಾರೆ.

ಹಳೇಬೀಡು ಜೋಡಿ ಗುಡಿ, ದ್ವಿಕೂಟ ಅಂತೀವಿ. ಒಂದು ಹೊಯ್ಸಳೇಶ್ವರ, ಇನ್ನೊಂದು ಶಾಂತಲೇಶ್ವರ, ವಿಷ್ಣುವರ್ಧನನ ಕಾಲದಲ್ಲಿ 1121ರ ಸುಮಾರಿಗೆ ಕೇತಮಲ್ಲ ಅನ್ನೋ ಅಧಿಕಾರಿ ಮುಂದೆ ನಿಂತು ಶುರು ಮಾಡಿಸಿದ್ದು. ಆಗ ಊರ ಹೆಸರು ದೋರಸಮುದ್ರ, ಹೊಯ್ಸಳರ ರಾಜಧಾನಿ. 1311ರಲ್ಲಿ ಮಲಿಕ್ ಕಾಫೂರನ ದಂಡು ಬಂತು, ಆಮೇಲೆ ಊರು ಮೊದಲಿನ ಥರ ಏಳಲೇ ಇಲ್ಲ, ಹಾಳಾದ ಬೀಡು ಹಳೇಬೀಡು ಆಯ್ತು.

ಇನ್ನೊಂದು ಮಾತು. ಅಲ್ಲಿಂದ ಅರ್ಧ ಕಿಲೋಮೀಟರ್ ಆಚೆ ಬಸ್ತಿಹಳ್ಳಿಯಲ್ಲಿ ಮೂರು ಜೈನ ಬಸದಿ ಇದಾವೆ, ಹಳೇಬೀಡಿಗೆ ಬಂದ ನೂರು ಜನರಲ್ಲಿ ಹತ್ತು ಜನಾನೂ ಅಲ್ಲಿಗೆ ಹೋಗಲ್ಲ ಅನ್ಸತ್ತೆ. ಹೋಗ್ಲೇಬೇಕು. ಪಾರ್ಶ್ವನಾಥ ಬಸದೀನ 1133ರಲ್ಲಿ ಬೊಪ್ಪ ತನ್ನ ತಂದೆ ದಂಡನಾಯಕ ಗಂಗರಾಜನ ನೆನಪಿಗೆ ಕಟ್ಟಿಸಿದ್ದು. ಪ್ರತಿಷ್ಠೆಯ ಪ್ರಸಾದ ಅರಮನೆಗೆ ಬಂದಾಗ ವಿಷ್ಣುವರ್ಧನ ಯುದ್ಧ ಗೆದ್ದಿದ್ದ, ಮಗನೂ ಹುಟ್ಟಿದ್ದ, ಆ ಸಂತೋಷಕ್ಕೆ ದೇವರಿಗೆ ವಿಜಯ ಪಾರ್ಶ್ವ ಅಂತ, ಮಗನಿಗೆ ವಿಜಯ ನರಸಿಂಹ ಅಂತ ಹೆಸರಿಟ್ಟ ಅಂತ ಅಲ್ಲಿನ ಶಾಸನವೇ ಹೇಳತ್ತೆ. ಒಳಗಿನ ಕಂಬಗಳು ಎಷ್ಟು ನುಣುಪು ಅಂದ್ರೆ ಮುಖ ಕಾಣತ್ತೆ. ಹೊರಗೋಡೆ ಮೇಲೆ ಏನೂ ಇಲ್ಲ, ಬೋಳು. ಹೊಯ್ಸಳೇಶ್ವರದ ತುಂಬು ಗೋಡೆ ನೋಡಿದ ಕಣ್ಣಿಗೆ ಆ ಬೋಳು ಗೋಡೆ ತಂಪು ಅನ್ಸತ್ತೆ.

ಕೆಂಪುಬಸ್ಸು

ನಾನು ಇದನ್ನೆಲ್ಲಾ ಬಸ್ಸಲ್ಲೇ ಸುತ್ತಿದೋಳು, ಶಕ್ತಿ ಯೋಜನೆ ಬಂದ ಮೇಲಂತೂ ಆಧಾರ್ ಕಾರ್ಡ್ ಹಿಡ್ಕೊಂಡು ತಿಂಗಳಿಗೊಂದು ಗುಡಿ ಅಂತ ಹೊರಡ್ತೀನಿ. ಅಕ್ಕಾ, ದೊಡ್ಡ ಗುಡಿಗಳಲ್ಲಿ ಭಾನುವಾರ ಜನ ಜಾಸ್ತಿ, ಅದರಲ್ಲೂ 2023ರಲ್ಲಿ ಬೇಲೂರು ಹಳೇಬೀಡು ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಇನ್ನೂ ಜಾಸ್ತಿ. ಅಮ್ಮನ ಜೊತೆ ಸುಮ್ನೆ ಕೂತ್ಕೊಳೋಕೆ ಒಂದು ಸಣ್ಣ ಗುಡಿ ಇಟ್ಕೊಳಿ.

ನನ್ನ ಓಟು ದೊಡ್ಡಗದ್ದವಳ್ಳಿಗೆ. ಹಾಸನ ಬೇಲೂರು ರೋಡಲ್ಲೇ ಒಳಕ್ಕೆ ತಿರುಗ್ಬೇಕು, ಕೆರೆ ಪಕ್ಕ ಲಕ್ಷ್ಮೀದೇವಿ ಗುಡಿ, ಬೇಲೂರಿಗಿಂತ ಮುಂಚೇನೇ ಕಟ್ಟಿದ್ದು. ಕಟ್ಟಿಸಿದ್ದು ರಾಜ ಅಲ್ಲ, ಕುಲ್ಲಹಣ ರಾಹುತ ಅನ್ನೋ ವ್ಯಾಪಾರಿ ಮತ್ತೆ ಅವನ ಹೆಂಡತಿ ಸಹಜಾದೇವಿ. ಗಂಡ ಹೆಂಡತಿ ಇಬ್ಬರ ಹೆಸರೂ ಉಳ್ಕೊಂಡಿದೆ ಅನ್ನೋದು ನಂಗೆ ಬಹಳ ಇಷ್ಟ. ನಾಲ್ಕು ಗರ್ಭಗುಡಿ ಒಂದೇ ಕಟ್ಟಡದಲ್ಲಿ, ಚತುಷ್ಕೂಟ. ಹೊಯ್ಸಳರಲ್ಲಿ ಇದು ಅಪರೂಪ. ಮೆಟ್ಟಿಲು ಮೆಟ್ಟಿಲಾಗಿ ಮೇಲೇರೋ ಕದಂಬ ಶಿಖರಗಳು, ಅದರ ಮುಂದೆ ಹುಲಿ ಜೊತೆ ಹೋರಾಡೋ ಸಳ, ಒಳಗೆ ಬಾಗಿಲ ಪಕ್ಕ ಮೂಳೆ ಎದ್ದ ಬೇತಾಳಗಳು. ಮಗು ಹೆದರಬಹುದು, ಮೊದಲೇ ಹೇಳಿಡಿ. ಅಲ್ಲಿನ ಕಾಳಿ ವಿಗ್ರಹ 2020ರಲ್ಲಿ ಒಡೆದು ಚೂರಾಯ್ತು ಅಂತ ಸುದ್ದಿ ಬಂದ ದಿನ ನಾನು ನಿಜವಾಗ್ಲೂ ಅತ್ತಿದ್ದೆ, ಅದಕ್ಕಿಂತ ಎರಡು ವರ್ಷ ಮುಂಚೆ ಅದೇ ವಿಗ್ರಹದ ಮುಂದೆ ನಿಂತು ಬಂದಿದ್ದೆ. ಇಂಥ ಜಾಗಕ್ಕೆ ಜನ ಹೋಗ್ತಾ ಬರ್ತಾ ಇದ್ರೆ ಕಾಯೋರೂ ಇರ್ತಾರೆ.

ಹಾಸನ ಅರಸೀಕೆರೆ ಕಡೆ ಹೋದ್ರೆ ಕೋರವಂಗಲದ ಬೂಚೇಶ್ವರ, 1173, ಎರಡನೇ ಬಲ್ಲಾಳ ಪಟ್ಟಕ್ಕೆ ಬಂದಾಗ ಬೂಚಿರಾಜ ಕಟ್ಟಿಸಿದ್ದು, ಹಳ್ಳಿ ಮಧ್ಯ ಶಾಂತವಾಗಿದೆ. ಬೀಗ ಹಾಕಿದ್ರೆ ಬೇಜಾರಾಗಿ ವಾಪಸ್ ಬರ್ಬೇಡಿ, ಅಕ್ಕಪಕ್ಕದ ಮನೇಲಿ ಕೇಳಿ, ಬೀಗದ ಕೈ ಇಟ್ಕೊಂಡಿರೋರನ್ನ ಅವರೇ ಕರೆಸ್ತಾರೆ. ನಂಗೆ ಪ್ರತೀ ಸಲ ಒಬ್ರಲ್ಲ ಒಬ್ರು ಬಂದು ತೆಗೆದಿದಾರೆ.

ಗುಬ್ಬಿಗೂಡು

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬರೀತೀರ ಅಂತ ಅಂದ್ಕೊಂಡಿರ್ಲಿಲ್ಲ. ಮೇಷ್ಟ್ರೇ, ಎರಡು ಪ್ರಶ್ನೆ. ಬೇಲೂರಲ್ಲಿ ಶಿಖರ ಯಾಕಿಲ್ಲ? ಫೋಟೋದಲ್ಲಿ ನೋಡಿದ್ರೆ ಮೇಲೆ ಚಪ್ಪಟೆ. ಇನ್ನೊಂದು, ಅಮ್ಮ ಮಗಳಿಗೆ ಈಗಲೇ ಜಕಣಾಚಾರಿ, ಅವನ ಮಗ ಡಂಕಣನ ಕಥೆ ಶುರು ಮಾಡಿದಾರೆ, ಕಪ್ಪೆ ಚೆನ್ನಿಗರಾಯ, ಹೊಕ್ಕುಳಲ್ಲಿ ಕಪ್ಪೆ, ಕೈ ಕತ್ತರಿಸ್ಕೊಂಡಿದ್ದು ಎಲ್ಲಾ. ಇತಿಹಾಸ ಅದಲ್ಲ ಅಂತ ಎಲ್ಲೋ ಓದಿದ್ದೆ. ಮಗಳಿಗೆ ಏನು ಹೇಳ್ಲಿ, ಅಮ್ಮನ ಮುಂದೆ ಅದು ಸುಳ್ಳು ಅನ್ನೋಕೆ ಮನಸ್ಸು ಬರಲ್ಲ.

ಬಳಪದಕಲ್ಲು

ಶಿಖರ ಇತ್ತಮ್ಮ. ಇಟ್ಟಿಗೆ, ಗಾರೆ, ಮರದ್ದು. ಶಿಥಿಲವಾಗಿ ಕೆಳಗಿನ ಗುಡಿಗೇ ಅಪಾಯ ಅಂತ 19ನೇ ಶತಮಾನದಲ್ಲಿ ಇಳಿಸಿಬಿಟ್ರು. ಮುಂದೆ ಕಾಣೋ ಎತ್ತರದ ಗೋಪುರ ಹೊಯ್ಸಳರದ್ದಲ್ಲ, 1397ರಲ್ಲಿ ವಿಜಯನಗರದ ಎರಡನೇ ಹರಿಹರನ ದಂಡನಾಯಕ ಗುಂಡ ಕಟ್ಟಿಸಿದ್ದು. ಗುಡಿ ಪ್ರತಿಷ್ಠೆ ಆಗಿದ್ದು 1117ರಲ್ಲಿ. ಗೋಪುರ ದಾಟಿ ಒಳಗೆ ಕಾಲಿಟ್ರೆ ಹತ್ರ ಹತ್ರ ಮುನ್ನೂರು ವರ್ಷ ಹಿಂದಕ್ಕೆ ಹೋದ ಹಾಗೆ.

ಜಕಣಾಚಾರಿ ವಿಷಯ. ನೀವು ಅಮ್ಮನ ಮಾತು ತೆಗೆದುಹಾಕೋದು ಬೇಡ, ಕಥೆ ಪೂರ್ತಿ ಹೇಳೋಕೆ ಬಿಡಿ. ಆಮೇಲೆ ಮಗಳನ್ನ ಶಿಲಾಬಾಲಿಕೆಯರ ಕೆಳಗೆ ಕರ್ಕೊಂಡು ಹೋಗಿ. ಒಟ್ಟು 42, ಹೊರಗೆ 38, ಒಳಗೆ ನಾಲ್ಕು. ಅವುಗಳ ಪೀಠದಲ್ಲಿ ಕೆತ್ತಿದೋರ ಹೆಸರು ಹಳಗನ್ನಡ ಲಿಪಿಯಲ್ಲಿ ಇದೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ದಾಸೋಜನವು ನಾಲ್ಕು, ಚಾವಣನವು ಐದು ಅಂತ ಗುರುತಿಸಿದಾರೆ. ನೋಡಿ, ಕಥೆಯಲ್ಲೂ ಅಪ್ಪ ಮಗ, ಕಲ್ಲಿನಲ್ಲೂ ಅಪ್ಪ ಮಗ. ಜನ ನೂರಾರು ವರ್ಷ ಬಾಯಿಂದ ಬಾಯಿಗೆ ದಾಟಿಸಿದ ಕಥೆ ಒಂದು ಕಡೆ, ಶಿಲ್ಪಿ ತಾನೇ ಉಳಿ ಹಿಡಿದು ಬರೆದ ಹೆಸರು ಇನ್ನೊಂದು ಕಡೆ. ಹತ್ತು ವರ್ಷದ ಮಗುವಿಗೆ ಎರಡನ್ನೂ ಇಟ್ಕೊಳೋಷ್ಟು ಜಾಗ ಇರತ್ತೆ. ಹೆಸರೇ ಹೇಳದೆ ಹೋದ ಸಾವಿರಾರು ಶಿಲ್ಪಿಗಳ ನಾಡಲ್ಲಿ ಇವರು ಊರು, ಅಪ್ಪನ ಹೆಸರು, ಬಿರುದು ಎಲ್ಲಾ ಬರೆದಿಟ್ಟು ಹೋದ್ರು, ಇದನ್ನ ಮಗಳಿಗೆ ತಪ್ಪದೇ ತೋರಿಸಿ.

ಕಪ್ಪೆ ಚೆನ್ನಿಗರಾಯ ಗುಡಿ ಅದೇ ಪ್ರಾಂಗಣದಲ್ಲಿದೆ, ರಾಣಿ ಶಾಂತಲೆ ಕಟ್ಟಿಸಿದ್ದು. ಅದನ್ನೂ ಹೇಳಿ.

ಬನ್ನೂರ್‌ಕಡೆಯೋರು

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ. ಮಂಡಿ ನೋವಿನ ಅಮ್ಮ ಅಂದ್ಮೇಲೆ ಅಷ್ಟು ದೂರ ಯಾಕೆ, ಸೋಮನಾಥಪುರಕ್ಕೆ ಬನ್ನಿ. ಮೈಸೂರಿಂದ 35 ಕಿಲೋಮೀಟರ್. ಬೆಂಗಳೂರಿಂದ ಹೋಗಿ ಬಂದು ಒಂದೇ ದಿನ ಸಾಕು. ಹೊಯ್ಸಳ ಗುಡಿ ಪೂರ್ತಿಯಾಗಿ ಹೇಗಿರ್ತಿತ್ತು ಅಂತ ನೋಡೋಕೆ ಇದು ಒಳ್ಳೇ ಜಾಗ, ಮೂರಕ್ಕೆ ಮೂರೂ ಶಿಖರ ಇದೆ, ಸುತ್ತ 64 ಗೂಡಿನ ಕೈಸಾಲೆ, ಅಂದ್ರೆ ಕಂಬ ಸಾಲಿನ ಪಡಸಾಲೆ ಇದೆ, ಅಮ್ಮ ಆ ನೆರಳಲ್ಲಿ ಕೂತು ಗುಡಿ ನೋಡ್ಬೋದು. ಮೂರನೇ ನರಸಿಂಹನ ದಂಡನಾಯಕ ಸೋಮನಾಥ 1258ರಲ್ಲಿ ಪ್ರತಿಷ್ಠೆ ಮಾಡ್ಸಿದ್ದು, ಊರಿಗೇ ಅವನ ಹೆಸರು. ಒಳಗೆ ತಲೆ ಎತ್ತಿದ್ರೆ 16 ಭುವನೇಶ್ವರಿ, ಅಂದ್ರೆ ಕೆತ್ತನೆಯ ಒಳಚಾವಣಿ, ಒಂದೊಂದೂ ಬೇರೆ, ಒಂದರಲ್ಲಿ ಬಾಳೆಹೂವು ತಲೆಕೆಳಗಾಗಿ ತೂಗುಬಿಟ್ಟ ಹಾಗೇ ಇದೆ. ಶಿಲ್ಪಿ ಮಲ್ಲಿತಮ್ಮನ ಸಹಿ ಗೋಡೆ ತುಂಬಾ ಇದೆ. ಒಂದೇ ಕೊರತೆ ಅಂದ್ರೆ ಪೂಜೆ ಇಲ್ಲ, ನಡುವಿನ ಕೇಶವ ಮೂಲ ವಿಗ್ರಹ ಅಲ್ಲ. ಆದ್ರೆ ವೇಣುಗೋಪಾಲನ ಮುಂದೆ ನಿಂತ್ರೆ ಸುತ್ತ ಹಸುಗಳೂ ಕೊಳಲು ಕೇಳ್ತಾ ನಿಂತಿರೋದು ಕಾಣತ್ತೆ, ಆಗ ಯಾವ ಕೊರತೇನೂ ನೆನಪಾಗಲ್ಲ.

ಹಾಸನದವ್ನು

ಬನ್ನೂರಿನವ್ರೇ, ಸೋಮನಾಥಪುರ ಚೆನ್ನಾಗಿಲ್ಲ ಅಂತ ಯಾರೂ ಹೇಳಲ್ಲ, ಆದ್ರೆ ಅವರಮ್ಮ ಕೇಳಿರೋದು ಬೇಲೂರು. ಪೂಜೆ ನಡೆಯೋ ಗುಡೀಲಿ ಗಂಟೆ ಶಬ್ದ ಕೇಳ್ಕೊಂಡು ಕೇಶವನ್ನ ನೋಡೋದು ಬೇರೆ. ಸೋಮನಾಥಪುರಕ್ಕೆ ಇನ್ನೊಂದು ಭಾನುವಾರ ಹೋಗ್ಲಿ. ಆ ಎರಡು ದಿನಕ್ಕೆ ಇದನ್ನೂ ತುರುಕಿದ್ರೆ ಮತ್ತೆ ಹೈಸ್ಕೂಲ್ ಟೂರೇ ಆಗತ್ತೆ.

ಬಳಪದಕಲ್ಲು

ಒಂದನ್ನ ಸೇರಿಸ್ತೀನಿ, ಎರಡೂ ಕಡೆ ಹೋದ್ರೆ ಹೋಲಿಸಿ ನೋಡೋಕೆ. ಬೇಲೂರಲ್ಲಿ ಗೋಡೆ ಮೇಲ್ಗಡೆ ಒಂದೇ ಸೂರು, ಅದರ ಕೆಳಗೆ ಪುಟಾಣಿ ಶಿಖರಗಳು, ಅವುಗಳ ಕೆಳಗೆ ವಿಗ್ರಹ. ಅದಾದ ಸುಮಾರು ನೂರನಲವತ್ತು ವರ್ಷಕ್ಕೆ ಬಂದ ಸೋಮನಾಥಪುರದಲ್ಲಿ ಎರಡು ಸೂರು, ಪುಟಾಣಿ ಶಿಖರಗಳು ಎರಡರ ಮಧ್ಯ, ವಿಗ್ರಹಗಳು ಎರಡನೇ ಸೂರಿನ ಕೆಳಗೆ, ಅದಕ್ಕೂ ಕೆಳಗೆ ಆರು ಪಟ್ಟಿ. ಇಷ್ಟು ಗೊತ್ತಿದ್ರೆ ಯಾವ ಹಳ್ಳಿ ಗುಡಿ ಮುಂದೆ ನಿಂತ್ರೂ ಇದು ಮೊದಲಿಂದಾ ಆಮೇಲಿಂದಾ ಅಂತ ನೀವೇ ಹೇಳ್ಬೋದು.

ಗುಬ್ಬಿಗೂಡು

ಹೋಗಿ ಬಂದ್ವಿ! ಮೂರು ವಾರ ಆಯ್ತು, ಬರೀಬೇಕು ಅಂತ ಅಂದ್ಕೊಳ್ತಾನೇ ಇದ್ದೆ.

ಹಾಸನದಲ್ಲೇ ಉಳ್ಕೊಂಡ್ವಿ. ಶನಿವಾರ ನಾಲ್ಕು ಗಂಟೆಗೆ ಹಳೇಬೀಡು. ಪಶ್ಚಿಮದ ಗೋಡೆ ಬಗ್ಗೆ ನೀವು ಹೇಳಿದ್ದು ಅಕ್ಷರಶಃ ನಿಜ, ಐದು ಗಂಟೆ ಹೊತ್ತಿಗೆ ಇಡೀ ಗೋಡೆ ಜೇನಿನ ಬಣ್ಣಕ್ಕೆ ತಿರುಗ್ತು. ಮಗಳು ಆನೆ ಎಣಿಸೋಕೆ ಶುರು ಮಾಡಿ ಇನ್ನೂರು ದಾಟಿದ ಮೇಲೆ ಲೆಕ್ಕ ತಪ್ಪಿ ಮತ್ತೆ ಮೊದಲಿಂದ ಶುರು ಮಾಡಿದ್ಲು. ಅಷ್ಟೊತ್ತೂ ಅಮ್ಮ ರಾವಣನ ಮುಂದೆ ಕೂತಿದ್ರು, ಮಗಳು ಬಂದು ಕೇಳಿದ್ಲು ಅಂತ ಕಥೆ ಹೇಳೋಕೆ ಶುರು ಮಾಡಿದ್ರು, ಅಷ್ಟರಲ್ಲಿ ಇನ್ಯಾರದೋ ಮನೆಯ ಇಬ್ಬರು ಮಕ್ಕಳೂ ಬಂದು ಪಕ್ಕ ಕೂತ್ಕೊಂಡ್ರು. ಬಸ್ತಿಹಳ್ಳಿಗೆ ಹೋದಾಗ ಕತ್ತಲಾಗ್ತಾ ಬಂದಿತ್ತು, ನಾವು ಮೂವರೇ ಇದ್ದಿದ್ದು, ಅಮ್ಮ ಕಂಬದಲ್ಲಿ ಮುಖ ನೋಡ್ಕೊಂಡು ಸೆರಗು ಸರಿ ಮಾಡ್ಕೊಂಡ್ರು.

ಭಾನುವಾರ ಬೇಲೂರು. ದರ್ಶನ ಆದ್ಮೇಲೆ ಅಮ್ಮ ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ. ಹೊರಗೆ ಬಂದು ದರ್ಪಣ ಸುಂದರಿ ನೋಡಿದ್ವಿ, ಆಮೇಲೆ ಮೇಷ್ಟ್ರು ಹೇಳಿದ ಹೆಸರು ಹುಡುಕೋಕೆ ಹೊರಟ್ವಿ. ನಮಗೆ ಓದೋಕೆ ಬರ್ಲಿಲ್ಲ, ಅಲ್ಲಿದ್ದ ಗೈಡ್ ಒಬ್ರು ಒಂದು ಪೀಠ ತೋರಿಸಿ ಬೆರಳಲ್ಲಿ ಗಾಳಿಯಲ್ಲೇ ಅಕ್ಷರ ಬಿಡಿಸಿ ಹೇಳಿದ್ರು. ಒಂದೆರಡು ಅಕ್ಷರ ಈಗಿನ ಕನ್ನಡದ ಥರಾನೇ ಕಾಣ್ತಿತ್ತು, ಮಗಳು ಅದನ್ನ ನೋಟ್‌ಬುಕ್ಕಲ್ಲಿ ಬರ್ಕೊಂಡ್ಲು. ಅಮ್ಮಂಗೆ ದಾಸೋಜ ಚಾವಣರ ವಿಷಯ ಹೇಳ್ದೆ. ಸುಮ್ನೆ ಕೇಳಿ, "ಆ ಹುಡುಗನೂ ಅಪ್ಪನ ಜೊತೆ ಊರು ಬಿಟ್ಟು ಬಂದೋನೇನಾ" ಅಂದ್ರು.

ದೊಡ್ಡಗದ್ದವಳ್ಳಿಯಲ್ಲಿ ಒಂದೂವರೆ ಗಂಟೆ ಇದ್ವಿ, ಕೆರೆ ಕಡೆಯಿಂದ ಗಾಳಿ ಬರ್ತಿತ್ತು, ಕಟ್ಕೊಂಡು ಹೋಗಿದ್ದ ಚಿತ್ರಾನ್ನ ಹೊರಗಡೆ ಮರದ ಕೆಳಗೆ ಕೂತು ತಿಂದ್ವಿ. ಕೋರವಂಗಲಕ್ಕೆ ಹೋಗೋಕೆ ಆಗ್ಲಿಲ್ಲ, ಅಮ್ಮಂಗೆ ಸುಸ್ತಾಗಿತ್ತು, ಬಿಟ್ವಿ.

ಈಗ ಅಮ್ಮಾನೇ ಕೇಳ್ತಿದಾರೆ ಮುಂದಿಂದು ಯಾವುದು ಅಂತ. ತರೀಕೆರೆ ಹತ್ರ ಅಮೃತಾಪುರ ಹೇಗೆ? ಮೆಟ್ಟಿಲು ಜಾಸ್ತಿ ಇದಾವಾ?

ಕೆಂಪುಬಸ್ಸು

ಅಯ್ಯೋ ಅಮೃತಾಪುರ ಹೋಗ್ಲೇಬೇಕು ಅಕ್ಕಾ. 1196ರದ್ದು, ಅಮಿತ ದಂಡನಾಯಕ ಕಟ್ಟಿಸಿದ್ದು, ಶಾಸನದ ಪದ್ಯ ಬರೆದಿದ್ದು ಕವಿ ಜನ್ನ. ತೆರೆದ ಮಂಟಪದ ಹೊರಗೋಡೆಯಲ್ಲಿ 140 ಕಥಾ ಫಲಕ, ದಕ್ಷಿಣಕ್ಕೆ ರಾಮಾಯಣ, ಉತ್ತರಕ್ಕೆ ಕೃಷ್ಣನ ಕಥೆ ಮತ್ತೆ ಮಹಾಭಾರತ, ಎಲ್ಲಾ ಕಣ್ಣಿನ ಎತ್ತರದಲ್ಲೇ, ಅಮ್ಮಂಗೆ ಕತ್ತು ಎತ್ತೋದೂ ಬೇಡ. ಬಳಪದ ಕಲ್ಲಿನ ಕಂಬಗಳು ಬಸ್ತಿಹಳ್ಳಿ ಥರಾನೇ ಹೊಳೀತಾವೆ. ನೆಲ ಸಮ ಇದೆ, ನಾನು ನಮ್ಮಜ್ಜೀನ ಕರ್ಕೊಂಡು ಹೋಗಿದ್ದೆ. ರಾಮಾಯಣ ಮಾತ್ರ ಪ್ರದಕ್ಷಿಣೆಯಾಗಿ ಅಲ್ಲ, ಅಪ್ರದಕ್ಷಿಣೆಯಾಗಿ ಓದ್ಕೊಂಡು ಹೋಗ್ಬೇಕು, ಮಗಳಿಗೆ ಮೊದಲೇ ಹೇಳ್ಬೇಡಿ, ಅವಳೇ ಕಂಡುಹಿಡೀಲಿ. ಹೊರಡೋ ದಿನ ಹೇಳಿ, ರಜೆ ಸಿಕ್ರೆ ನಾನೂ ಬಸ್ಸಲ್ಲಿ ಬಂದು ಸೇರ್ಕೋತೀನಿ.